ಡಾಕ್ಟರ್ ದಾರಿ

ಷಡ್ಡಕನ ಹೆಸರನ್ನು ತನ್ನ ಕೈಯಿಂದಲೇ, ಅದೂ ನೆರಳು ಕೊಟ್ಟ ದಪ್ಪ ಅಕ್ಷರದಲ್ಲಿ ಬರೆಯಬೇಕಾಗಿ ಬಂದ ದಿನದಿಂದ ಪೇಂಟರನಿಗೆ ಉಂಡ ಅನ್ನ ಜೀರ್ಣವಾಗುತ್ತಿರಲಿಲ್ಲ.

ಊರಿನ ಸೈಕಲ್ ಸಂಘದವರು ಬೆಟ್ಟಗಳ ನಡುವೆ ಹೊಸ ಸೈಕಲ್ ದಾರಿಯೊಂದನ್ನು ಗುರುತು ಮಾಡಿದ್ದರು. ರಸ್ತೆಯೇನೂ ಹೊಸದಲ್ಲ. ಹಾಲಿನ ವ್ಯಾನು, ಅಂಚೆಯವನು ಓಡಾಡುತ್ತಿದ್ದ ಅವೇ ಹಳೆಯ ಟಾರು ರಸ್ತೆಗಳು. ಎಲ್ಲಿ ತಿರುಗಬೇಕು, ಎಲ್ಲಿ ಕುಡಿಯುವ ನೀರು ಸಿಗುತ್ತದೆ, ಎಲ್ಲಿ ನಿಂತರೆ ಬೆಟ್ಟ ಚೆನ್ನಾಗಿ ಕಾಣುತ್ತದೆ ಎಂದು ರಜೆಯ ದಿನಗಳಲ್ಲೆಲ್ಲ ಸೈಕಲ್ ತುಳಿದು ತುಂಡುಗಳನ್ನು ಜೋಡಿಸಿದವನು ಷಡ್ಡಕ, ಅಂದರೆ ಪೇಂಟರನ ನಾದಿನಿಯ ಗಂಡ. ಅವನು ಹಲ್ಲಿನ ಡಾಕ್ಟರು. ಹಾಗಾಗಿ ಅದಕ್ಕೆ ‘ಡಾಕ್ಟರ್ ದಾರಿ’ ಎಂದು ಹೆಸರಾಯಿತು. ಬೋರ್ಡು ಬರೆಯುವ ಕೆಲಸ ಪೇಂಟರನ ತಲೆಗೆ ಬಂತು.

“ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಮಾಡ್ರೀ,” ಎಂದಳು ಹೆಂಡತಿ, ಹಿಂದೆ ನಿಂತು. “ನನ್ನ ತಂಗಿ ಗಂಡನ ದಾರಿ ಅದು.”

“ನಿನ್ನ ಗಂಡ ಬರೆದದ್ದು ಅಂತ ಇದರಲ್ಲಿ ಎಲ್ಲಾದ್ರೂ ಕಾಣುತ್ತಾ?”

“ಅದು ಯಾರಿಗೆ ಬೇಕು? ಸಾಬೂನಿನ ಬೋರ್ಡ್ ಓದಿದೋರು ಸಾಬೂನು ಕೊಳ್ತಾರೆ. ನಿಮ್ಮನ್ನ ಹುಡುಕ್ಕೊಂಡು ಬರ್ತಾರಾ?”

ಮಾತು ನಿಜವೇ. ಊರಿನ ಅರ್ಧ ಬೋರ್ಡುಗಳು ಅವನ ಕೈಯವು. ಒಂದರಲ್ಲೂ ಅವನಿಲ್ಲ. ಮನೆಯಲ್ಲೂ ಅದೇ ಕತೆ. ಹೆಂಡತಿಗೆ ಡಾಕ್ಟರ ಸೈಕಲ್ಲು, ಡಾಕ್ಟರ ಹೊಟ್ಟೆ, ಅಂದರೆ ಇಲ್ಲದ ಹೊಟ್ಟೆ, ಇವುಗಳದ್ದೇ ಹೊಗಳಿಕೆ. ಇನ್ನು ಅತ್ತೆ. ಅವರು ಪೇಂಟರನನ್ನು ಬಯ್ಯುತ್ತಿದ್ದುದು ಕೂಡ ಡಾಕ್ಟರು ಕಟ್ಟಿಕೊಟ್ಟ ಹಲ್ಲುಗಳಿಂದಲೇ. ಒಂದು ಸಲ, ಒಂದೇ ಒಂದು ಸಲ, ಆ ಡಾಕ್ಟರಿಗೆ ನಾಲ್ಕು ಜನ ಛೀಮಾರಿ ಹಾಕುವುದನ್ನು ನೋಡಬೇಕು. ಪೇಂಟರನಿಗೆ ಬೇಕಾಗಿದ್ದು ಅಷ್ಟೇ.

ಉದ್ಘಾಟನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅವನು ಸ್ಪ್ಯಾನರ್ ಜೇಬಿಗೆ ಹಾಕಿಕೊಂಡು ಮೊಪೆಡ್ಡಿನಲ್ಲಿ ಬೆಟ್ಟದ ಕವಲಿಗೆ ಹೋದ. ಅಲ್ಲಿ ಬೋರ್ಡಿನ ಬಾಣ ಬಲಕ್ಕಿತ್ತು. ಬಲಕ್ಕೆ ಹೋದರೆ ಮೆತ್ತಗೆ ಏರುವ ರಸ್ತೆ, ನೆರಳು, ಕೆರೆ. ಎಡಕ್ಕೆ ಹೋದರೆ ಮುಚ್ಚಿಹೋದ ಕಲ್ಲುಕೋರೆಯ ರಸ್ತೆ. ಅದು ಗೋಡೆಗೆ ಒರಗಿಸಿಟ್ಟ ಏಣಿಯ ಹಾಗೆ ಎದ್ದು ನಿಂತಿತ್ತು. ಮೇಕೆಗಳು ಕೂಡ ಅರ್ಧ ದಾರಿಯಲ್ಲಿ ಕುಳಿತು ಯೋಚಿಸುತ್ತಿದ್ದವು. ಪೇಂಟರ್ ನಟ್ಟು ಸಡಿಲಿಸಿ, ಬೋರ್ಡನ್ನು ಎಡಕ್ಕೆ ತಿರುಗಿಸಿ, ಮತ್ತೆ ಬಿಗಿದು ಮನೆಗೆ ಬಂದ. ಎಷ್ಟೋ ದಿನಗಳ ಮೇಲೆ ಹಸಿವಾಯಿತು.

ಹೊರಡುವ ಜಾಗದಲ್ಲಿ ದೂರ ನಿಂತು ಕೈ ಬೀಸಿ, ಮನೆಗೆ ಹೋಗಿ ಮಲಗುವುದು ಅವನ ಯೋಜನೆ. ಅತ್ತೆ ಅದನ್ನು ಮುರಿದರು.

“ಅಳಿಯಂದ್ರೇ, ನೀವೂ ಹತ್ತಿ. ಕೂತು ಬರೆದೂ ಬರೆದೂ ಹೊಟ್ಟೆ ಗೋಣಿಚೀಲ ಆಗಿದೆ.”

“ಸೈಕಲ್ ಇಲ್ಲ ಅತ್ತೆ.”

“ನನ್ನ ಹತ್ರ ಇನ್ನೊಂದಿದೆ!” ಎಂದ ಸಂಘದಲ್ಲಿದ್ದ ಊರಿನ ಕ್ಷೌರಿಕ. ಯಾರಿಗೆ ಏನು ಬೇಡವೋ ಅದು ಯಾವಾಗಲೂ ಅವನ ಹತ್ತಿರ ಇರುತ್ತಿತ್ತು. ಅವನ ಸೈಕಲ್ಲಿನ ಸೀಟು ಕತ್ತರಿಯ ಹಾಗೆ ಸಣ್ಣಗಿತ್ತು. ಪೇಂಟರ್ ಮೂರು ಸಲ ಹತ್ತಿ ನಾಲ್ಕು ಸಲ ಇಳಿದ. ಸಂಘದ ಅಧ್ಯಕ್ಷೆ, ಅಂದರೆ ನಿವೃತ್ತ ಹೆಡ್‌ಮಿಸ್ಸು, ಸೀಟಿ ಊದಿಯೇಬಿಟ್ಟರು. ಹೆಂಡತಿ ಮತ್ತು ಅತ್ತೆ ಸಾಮಾನಿನ ವ್ಯಾನಿನಲ್ಲಿ ಎಲ್ಲರ ಹಿಂದೆ ಹೊರಟರು.

ದಾರಿ ಮಾಡಿದವನು ಮುಂದೆ ಇರುತ್ತಾನೆ, ಬಾಣ ನೋಡಿ ತಬ್ಬಿಬ್ಬಾಗುತ್ತಾನೆ ಎಂದು ಪೇಂಟರ್ ಅಂದುಕೊಂಡಿದ್ದ. ಆದರೆ ಷಡ್ಡಕ ಮುಂದೆ ಹೋಗಲೇ ಇಲ್ಲ.

“ಮುಂದಿನವ್ರಿಗೆ ನಿಮ್ಮ ಬೋರ್ಡ್ ಇದೆಯಲ್ಲ ಅಣ್ಣ. ನಾನು ನಿಮ್ಮ ಜೊತೆ ಬರ್ತೀನಿ. ಸಣ್ಣ ಗೇರ್ ಹಾಕಿ.”

“ನೀವು ಹೋಗಿ ಡಾಕ್ಟ್ರೇ, ನಾನು ಬರ್ತೀನಿ.”

“ನಿಮ್ಮನ್ನ ಬಿಟ್ಟು ಹೋದ್ರೆ ಅತ್ತಿಗೆ ನನ್ನ ಸುಮ್ನೆ ಬಿಡ್ತಾರಾ?”

ಒಳ್ಳೆಯ ಮಾತು. ಷಡ್ಡಕನ ದೊಡ್ಡ ತೊಂದರೆಯೇ ಅದು. ಬಯ್ಯಲು ಎಲ್ಲೂ ಹಿಡಿ ಸಿಗುತ್ತಿರಲಿಲ್ಲ.

ಕವಲು ಬಂದಾಗ ಮುಂದಿನವರೆಲ್ಲ ಕಲ್ಲುಕೋರೆಯ ಏರಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತಿದ್ದರು. ಷಡ್ಡಕ ಬ್ರೇಕು ಹಿಡಿದ.

“ಅಯ್ಯೋ, ಬೋರ್ಡ್ ತಿರುಗಿಬಿಟ್ಟಿದೆ!”

“ಗಾಳಿ,” ಎಂದ ಪೇಂಟರ್. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ಷಡ್ಡಕ ಫೋನು ತೆಗೆದ. ನೆಟ್‌ವರ್ಕ್ ಇರಲಿಲ್ಲ. “ಕೂಗಿದ್ರೆ ಕೇಳಲ್ಲ. ಅಷ್ಟು ಜನರನ್ನ ಬಿಡೋಕೂ ಆಗಲ್ಲ. ನಡೀರಿ ಅಣ್ಣ, ನಾವೂ ಅಲ್ಲೇ ಹೋಗೋಣ.”

ತಾನೇ ಆರಿಸಿದ ಆ ಏರನ್ನು ತಾನೇ ತುಳಿಯಬೇಕಾದೀತು ಎಂದು ಪೇಂಟರ್ ಲೆಕ್ಕ ಹಾಕಿರಲಿಲ್ಲ. ಮೊದಲ ತಿರುವಿಗೆ ತೊಡೆ ಉರಿಯಿತು. ಎರಡನೆಯದಕ್ಕೆ ಕಿವಿ ಮುಚ್ಚಿತು. ಆಮೇಲೆ ಯಾವುದು ಚೈನಿನ ಸದ್ದು, ಯಾವುದು ತನ್ನ ಎದೆಯದು ಎಂದು ಗೊತ್ತಾಗಲಿಲ್ಲ. ಷಡ್ಡಕ ಒಂದು ಕೈಯಲ್ಲಿ ತನ್ನ ಸೈಕಲ್ ಹಿಡಿದು, ಇನ್ನೊಂದು ಕೈಯನ್ನು ಪೇಂಟರನ ಬೆನ್ನಿಗಿಟ್ಟು, ಕೂಸನ್ನು ತೇಗಿಸುವವನ ಹಾಗೆ ಮೇಲಕ್ಕೆ ತಳ್ಳಿದ. ವ್ಯಾನಿನ ಕಿಟಕಿಯಿಂದ ಅತ್ತೆಯ ತಲೆ ಹೊರಬಂತು.

“ಜೋರಾಗಿ ತುಳೀರಿ ಅಳಿಯಂದ್ರೇ! ಡಾಕ್ಟ್ರ ಕೈ ನೋಯುತ್ತೆ! ನಾಳೆ ಅವ್ರು ಹಲ್ಲು ಕೀಳೋದು ಬೇಡವಾ?”

ಪೇಂಟರ್ ಇನ್ನಷ್ಟು ಬಗ್ಗಿ ತುಳಿದ. ಉಸಿರು ಇರಲಿಲ್ಲ. ಒಂದೇ ಸಮಾಧಾನವೆಂದರೆ, ಮೇಲೆ ಒಂದಿಡೀ ಸಂಘ ಡಾಕ್ಟರನ್ನು ಸಿಗಿದು ಹಾಕಲು ಕಾಯುತ್ತಿರುತ್ತದೆ.

ಮೇಲೆ ಸಂಘ ಕಾಯುತ್ತಿತ್ತು. ಆದರೆ ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಕೋರೆಯ ಅಂಚಿನಲ್ಲಿ ರಸ್ತೆ ಮುಗಿದು, ಎದುರಿಗೆ ಬೆಟ್ಟಗಳೆಲ್ಲ ಒಂದರ ಹೆಗಲ ಮೇಲಿಂದ ಒಂದು ಇಣುಕುತ್ತಿದ್ದವು. ಕೆಳಗಿನ ಕಣಿವೆಯಲ್ಲಿ ಮೋಡ ಬಿದ್ದುಕೊಂಡಿತ್ತು. ಊರಲ್ಲೇ ಹುಟ್ಟಿ ಬೆಳೆದವರು ಕೂಡ ಇಂಥದ್ದೊಂದು ಜಾಗವನ್ನು ಕಂಡಿರಲಿಲ್ಲ. ಇಷ್ಟು ಕಷ್ಟಪಟ್ಟು ಯಾರು ಬರುತ್ತಾರೆ?

“ಡಾಕ್ಟ್ರೇ!” ಅಧ್ಯಕ್ಷೆಯ ಕಣ್ಣು ಒದ್ದೆಯಾಗಿತ್ತು. “ಕಡೇವರೆಗೂ ಬಾಯಿ ಬಿಡದೆ ಇದನ್ನ ಬಚ್ಚಿಟ್ಟಿದ್ರಲ್ಲ!”

“ಇದು ನನ್ನದಲ್ಲ ಮೇಡಂ. ಬೋರ್ಡ್ ತಿರುಗಿತ್ತು, ಅಷ್ಟೇ.”

“ನೋಡಿ ವಿನಯ!” ಎಂದ ಕ್ಷೌರಿಕ. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ವ್ಯಾನಿನಿಂದ ಇಳಿಯುತ್ತಲೇ ತಟ್ಟಿದರು. ಹೆಂಡತಿ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಪೇಂಟರನ ಹೊಟ್ಟೆಗೆ ಬೆಂಕಿ ಬಿತ್ತು. ತಾನು ಮಾಡಿದ ಕೇಡು ಕೂಡ ಅವನ ಖಾತೆಗೆ ಹೋಗಬೇಕೇ?

“ನಾನು!” ಎಂದು ಕಿರುಚಿದ. “ಬಾಣ ತಿರುಗಿಸಿದ್ದು ನಾನು! ಈ ಜಾಗಕ್ಕೆ ನಿಮ್ಮನ್ನ ಕರ್ಕೊಂಡು ಬಂದಿದ್ದು ನಾನು!”

“ಪಾಪ, ತಲೆಗೆ ಬಿಸಿಲು ಹೊಡೆದಿದೆ,” ಎಂದರು ಅಧ್ಯಕ್ಷೆ. “ನೀರು ಕೊಡಿ.”

“ಬಿಸಿಲಲ್ಲ ಮೇಡಂ! ಬೆಳಗ್ಗೆ ಬಂದು ತಿರುಗಿಸಿದೆ!”

“ಸುಮ್ನಿರಿ,” ಎಂದಳು ಹೆಂಡತಿ, ಹಲ್ಲು ಕಚ್ಚಿ. “ಇಂಥಾ ಐಡಿಯಾ ಬರೋ ತಲೇನಾ ಅದು?”

ಪೇಂಟರ್ ಜೇಬಿಗೆ ಕೈ ಹಾಕಿ ಸ್ಪ್ಯಾನರ್ ಎತ್ತಿ ಹಿಡಿದ. “ಇದರಲ್ಲಿ! ಇದರಲ್ಲೇ ತಿರುಗಿಸಿದ್ದು!”

“ಅಯ್ಯೋ, ಅದು ಗ್ಯಾಸಿನ ಸ್ಪ್ಯಾನರು!” ಹೆಂಡತಿ ಕೂಗಿದಳು. “ಬೆಳಗ್ಗೆಯಿಂದ ಮನೆಯೆಲ್ಲ ತಡಕಾಡಿದೆ. ನಾನು ಎದ್ದಾಗ ಇವ್ರೂ ಇರಲಿಲ್ಲ, ಮೊಪೆಡ್ಡೂ ಇರಲಿಲ್ಲ!”

ಹೆಂಡತಿಯ ಸಾಕ್ಷಿ ಬಿದ್ದ ಮೇಲೆ ಯಾರೂ ಅನುಮಾನಪಡಲಿಲ್ಲ. ಎಲ್ಲರ ಮುಖ ಷಡ್ಡಕನಿಂದ ಪೇಂಟರನ ಕಡೆಗೆ ತಿರುಗಿತು. ಕ್ಷೌರಿಕ ಅವನನ್ನು ತಬ್ಬಿಕೊಂಡ. “ಕಲಾವಿದ ಅಂದ್ರೆ ಕಲಾವಿದ! ಬೆಟ್ಟ ನೋಡೋ ಕಣ್ಣು ನಮಗೆಲ್ಲಿಂದ ಬರಬೇಕು?” ಅಧ್ಯಕ್ಷೆ ಕೈ ಕುಲುಕಿದರು. ವ್ಯಾನಿನಲ್ಲಿ ಖಾಲಿ ಬೋರ್ಡು, ಬಣ್ಣ ಎಲ್ಲ ಇತ್ತು. “ಇವತ್ತಿನಿಂದ ಇದು ಪೇಂಟರ್ ದಾರಿ. ಈಗಲೇ ಬರೀರಿ, ಎಲ್ಲರ ಮುಂದೆ.”

ಷಡ್ಡಕ ನಗುತ್ತಲೇ ಬಣ್ಣದ ಡಬ್ಬ ಹಿಡಿದು ನಿಂತ. ಅವನ ನಗುವಿನಲ್ಲಿ ಸ್ವಲ್ಪವಾದರೂ ಹುಳಿ ಇದೆಯೇ ಎಂದು ಪೇಂಟರ್ ಹುಡುಕಿದ. ಇದ್ದ ಹಾಗೆ ಕಂಡಿತು. ಸ್ವರ್ಗ ಅಂದರೆ ಇದೇ ಇರಬೇಕು. ‘ಪೇಂಟರ್ ದಾರಿ’ ಎಂದು ಬರೆದ. ಅತ್ತೆ ಕೂಡ ಹತ್ತಿರ ಬಂದು, ಅಕ್ಷರಗಳನ್ನು ನೋಡಿ, “ಪರವಾಗಿಲ್ಲ, ನಮ್ಮ ದೊಡ್ಡಳಿಯನೂ ಏನೋ ಮಾಡ್ತಾನೆ,” ಎಂದರು. ಪೇಂಟರ್ ನೆರಳು ಕೊಡಲು ಶುರು ಮಾಡಿದ.

ಆಗ ಯಾರೋ ಕೇಳಿದರು: “ಅಲ್ಲಾ, ಊಟ ಎಲ್ಲಿ?”

ಎಲ್ಲರೂ ಅಭ್ಯಾಸಬಲದಿಂದ ಡಾಕ್ಟರ ಕಡೆ ನೋಡಿದರು. ಷಡ್ಡಕ ಕಣಿವೆಯ ಕಡೆ ಕೈ ತೋರಿಸಿದ. ಮೋಡ ಸರಿದಿತ್ತು. ಆಚೆ ಬೆಟ್ಟದ ಇಳಿಜಾರಿನಲ್ಲಿ, ಕೆರೆಯ ದಡದಲ್ಲಿ, ಪುಟ್ಟ ಬಿಳಿ ಶಾಮಿಯಾನ. ಅದರ ಕೆಳಗೆ ಸಾಲಾಗಿ ಮೇಜುಗಳು. ಹಬೆ ಏಳುವುದು ಕೂಡ ಕಾಣಿಸುತ್ತಿತ್ತು. ಇಲ್ಲಿಂದ ಅಲ್ಲಿಗೆ ಹಕ್ಕಿಗಾದರೆ ಒಂದು ಹಾರು. ಸೈಕಲ್ಲಿಗೆ ಕವಲಿನವರೆಗೆ ಇಳಿದು ಮತ್ತೆ ಏರಬೇಕು.

“ಅಡುಗೆಯವ್ರಿಗೆ ಮಧ್ಯಾಹ್ನ ಇನ್ನೊಂದು ಕಡೆ ಕೆಲಸ ಇದೆ,” ಎಂದ ಷಡ್ಡಕ ಮೆಲ್ಲಗೆ. “ಅಲ್ಲಿವರೆಗೆ ಯಾರೂ ಬರದಿದ್ರೆ ಹೊರಡ್ತೀವಿ ಅಂದಿದ್ರು.”

ಎಲ್ಲರೂ ನೋಡುತ್ತಿದ್ದ ಹಾಗೇ ಶಾಮಿಯಾನದ ಒಂದು ಕಂಬ ಬಿತ್ತು. ಸಂಘ ಒಕ್ಕೊರಲಿನಿಂದ “ಹೋ!” ಎಂದು ಕೂಗಿತು. ಕೆಳಗಿದ್ದವರು ಕೇಳಿಸಿಕೊಂಡಿರಬೇಕು; ಒಬ್ಬ ತಲೆಯೆತ್ತಿ, ಬೀಳ್ಕೊಡುವವನ ಹಾಗೆ ಸೌಟು ಬೀಸಿದ. ಎರಡನೆಯ ಕಂಬ ಬಿತ್ತು. ಪಾತ್ರೆಗಳು ಒಂದೊಂದಾಗಿ ಲಾರಿ ಹತ್ತಿದವು. ಅಷ್ಟು ಸ್ಪಷ್ಟವಾಗಿ ಕಾಣುವ ಜಾಗ ಆ ಬೆಟ್ಟಗಳಲ್ಲಿ ಇನ್ನೊಂದಿರಲಿಲ್ಲ.

ಲಾರಿ ಮರೆಯಾದ ಮೇಲೆ ಎಲ್ಲರೂ ನಿಧಾನವಾಗಿ ಈ ಕಡೆ ತಿರುಗಿದರು.

“ಬೋರ್ಡ್... ಗಾಳಿಗೂ ತಿರುಗಿರಬಹುದು,” ಎಂದ ಪೇಂಟರ್.

“ಛೆ ಛೆ, ಯಾಕಣ್ಣ ಸಂಕೋಚ?” ಎಂದ ಷಡ್ಡಕ. ಅವನ ನಗುವಿನಲ್ಲಿ ಹುಳಿಯ ಹನಿಯೂ ಇರಲಿಲ್ಲ. “ಮಾಡಿದ್ದು ನೀವೇ. ಅದನ್ನ ನಿಮ್ಮಿಂದ ಯಾರೂ ಕಿತ್ಕೊಳ್ಳಲ್ಲ.”

“ನಾನೇ ಸಾಕ್ಷಿ,” ಎಂದಳು ಹೆಂಡತಿ. ಅತ್ತೆ ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ಕರ್ಚೀಫಿನಲ್ಲಿ ಸುತ್ತಿಟ್ಟುಕೊಂಡರು. ಇವತ್ತು ಇನ್ನು ಅದಕ್ಕೆ ಕೆಲಸವಿರಲಿಲ್ಲ.

ಅಧ್ಯಕ್ಷೆ ಬೋರ್ಡಿನ ಮುಂದೆ ಬಂದು ನಿಂತರು.

“ಕೆಳಗೆ ಇನ್ನೊಂದು ಸಾಲು ಹಿಡಿಸುತ್ತಾ?”

“ಹಿಡಿಸುತ್ತೆ ಮೇಡಂ.”

“ಬರೀರಿ. ‘ಊಟ ಸಿಗುವುದಿಲ್ಲ.’”

ಷಡ್ಡಕ ಡಬ್ಬವನ್ನು ಇನ್ನಷ್ಟು ಹತ್ತಿರ ಹಿಡಿದ. ಪೇಂಟರ್ ಬ್ರಷ್ ಅದ್ದಿದ.