ತಾಳದ ಪೆಟ್ಟಿಗೆಯೂ ಪೂವಯ್ಯನ ಬಿಸ್ಕತ್ತಿನ ಡಬ್ಬಿಯೂ

ಹೊಟ್ಟೆಕಿಚ್ಚು ಪಡುವುದಾದರೆ ನಮಗಿಂತ ದೊಡ್ಡವರ ಮೇಲೆ ಪಡಬೇಕು; ಅದರಲ್ಲಿ ಸ್ವಲ್ಪವಾದರೂ ಮರ್ಯಾದೆ ಇರುತ್ತದೆ. ನನಗೆ ಆ ಭಾಗ್ಯವೂ ಇಲ್ಲ. ನನ್ನ ಹೊಟ್ಟೆಕಿಚ್ಚು ಸೋಮವಾರಪೇಟೆಯಲ್ಲಿ ಜೀಪುಗಳ ವೈರಿಂಗ್ ಮಾಡುವ ಪೂವಯ್ಯನ ಮೇಲೆ. ನಾನೋ, ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತನಾದವನು. ಅವನು ಎಸ್ಸೆಸ್ಸೆಲ್ಸಿಯ ಹೊಸಿಲಲ್ಲೇ ಎಡವಿದವನು. ಆದರೂ ಮನೆಯಲ್ಲಿ ಮಿಕ್ಸಿ ನಿಂತರೆ ನನ್ನ ಹೆಂಡತಿ ಸುಮಿತ್ರ ನನ್ನ ಕುರ್ಚಿಯನ್ನು ದಾಟಿಕೊಂಡು ಹೋಗಿ ಅವನಿಗೆ ಫೋನ್ ಮಾಡುತ್ತಾಳೆ. "ನಾನಿದ್ದೀನಲ್ಲೇ!" ಎಂದರೆ, "ನೀವು ಅದು ಯಾಕೆ ಕೆಟ್ಟಿತು ಅಂತ ಹೇಳ್ತೀರಿ. ಅವನು ಸರಿ ಮಾಡ್ತಾನೆ" ಎನ್ನುತ್ತಾಳೆ.

ಸುಮಿತ್ರ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ. ಗುಂಡಿ ಒತ್ತಿದರೆ ಮೃದಂಗ ನುಡಿಸುವ ಹಳೆಯ ತಾಳದ ಪೆಟ್ಟಿಗೆಯೊಂದು ಅವಳ ಬಳಿ ಇದೆ. ಅದು ಇತ್ತೀಚೆಗೆ ಆಗಾಗ ಒಂದು ಪೆಟ್ಟನ್ನು ನುಂಗಿಹಾಕುತ್ತಿತ್ತು. ಮಕ್ಕಳ ಕಾರ್ಯಕ್ರಮಕ್ಕೆ ಎರಡೇ ವಾರ ಉಳಿದಿತ್ತು. ಪೆಟ್ಟಿಗೆ ಯಥಾಪ್ರಕಾರ ಪೂವಯ್ಯನ ಅಂಗಡಿಗೆ ಹೋಗಿ, ಮರುದಿನ ಅವನೊಂದಿಗೇ ಬಂತು. "ಒಳಗಿರೋ ಮೆಮೊರಿ ಚಿಪ್ಪಿಗೆ ವಯಸ್ಸಾಗಿದೆ ಅಕ್ಕ, ಮರೀತಾ ಅದೆ. ಇದ್ದದ್ದನ್ನ ಓದಿ ಇಟ್ಕಂಡು, ಅಳಿಸಿ, ಮತ್ತೆ ಬರೆದ್ರೆ ಆಯ್ತದೆ" ಎಂದ. ಇಂಥ ಚಿಪ್ಪಿನ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಅದರೊಳಕ್ಕೆ ನೇರಳಾತೀತ ಬೆಳಕು ಬಿಟ್ಟರೆ ಬರೆದದ್ದೆಲ್ಲ ಅಳಿಸುತ್ತದೆ. ಅದಕ್ಕೆಂದೇ ಈ ಮಹಾನುಭಾವ ಕೆಟ್ಟ ನೀರಿನ ಫಿಲ್ಟರಿನ ದೀಪವೊಂದನ್ನು ಕಿತ್ತು ಬಿಸ್ಕತ್ತಿನ ಡಬ್ಬಿಯೊಳಗೆ ಕೂರಿಸಿದ್ದಾನಂತೆ. ಅರ್ಧ ಗಂಟೆಯ ಕೆಲಸವಂತೆ. ಮೂವತ್ತು ವರ್ಷದಲ್ಲಿ ನನಗೇಕೆ ಇದು ಹೊಳೆಯಲಿಲ್ಲ ಎಂದು ಒಳಗೆ ಭಗ್ಗೆಂದಿತು. "ಇಲ್ಲಿ ಕೊಡಯ್ಯ, ಇದು ನನ್ನ ಸಬ್ಜೆಕ್ಟು" ಎಂದು ಅವನು ಕಳಚಿ ತಂದಿದ್ದ ಚಿಪ್ಪನ್ನು ಕಸಿದುಕೊಂಡೆ.

ಚಿಪ್ಪನ್ನು ಓದುವ, ಬರೆಯುವ ಪ್ರೋಗ್ರಾಮರ್ ಯಂತ್ರವೊಂದನ್ನು, ಸಿಕ್ಕಿದ್ದರಲ್ಲಿ ಅತಿ ಅಗ್ಗದ್ದನ್ನು, ತರಿಸಿದೆ. ಚಿಪ್ಪನ್ನು ಅದರಲ್ಲಿ ಸಿಕ್ಕಿಸಿ ಓದಿಸಿದೆ. ಲ್ಯಾಪ್‌ಟಾಪಿನ ಪರದೆಯ ತುಂಬ ಅಂಕಿ ಅಕ್ಷರಗಳು ಸಾಲುಗಟ್ಟಿದಾಗ ಸುಮಿತ್ರಳನ್ನು ಕರೆದು ತೋರಿಸಿ, ಒಂದು ಪಿರಿಯಡ್ಡಿನಷ್ಟು ಪಾಠವನ್ನೂ ಮಾಡಿದೆ. ಒಲೆಯ ಮೇಲೆ ಹಾಲಿದೆ ಎಂದು ಅವಳು ಎದ್ದು ಹೋದಳು.

ಇನ್ನು ಅಳಿಸಬೇಕು. ಪೂವಯ್ಯನ ಡಬ್ಬಿ ಕೇಳುವುದೆಂದರೆ ಪ್ರಾಣ ಹೋದ ಹಾಗೆ. ಬಿಸಿಲಿನಲ್ಲೂ ನೇರಳಾತೀತ ಉಂಟು, ಅದೂ ಪುಕ್ಕಟೆ. ತಾರಸಿಯಲ್ಲಿ ಮೆಣಸು ಒಣಹಾಕಿದ್ದ ಟಾರ್ಪಾಲಿನ ಮೂಲೆಯಲ್ಲೇ ಚಿಪ್ಪನ್ನು ಅಂಗಾತ ಮಲಗಿಸಿದೆ. ನಮ್ಮೂರ ಬಿಸಿಲೋ, ಮಂಜು ಸರಿಯುವಷ್ಟರಲ್ಲಿ ಹತ್ತು ಗಂಟೆ, ಮೂರಕ್ಕೆಲ್ಲ ಮೋಡ. ಕಾಗೆ ಓಡಿಸುತ್ತ ಟೋಪಿ ಹಾಕಿಕೊಂಡು ಒಂಬತ್ತು ದಿನ ಕಾವಲು ಕೂತೆ. "ಚಿಪ್ಪು ಒಣಗಿತೇನ್ರೀ?" ಎಂದು ಸುಮಿತ್ರ ದಿನವೂ ಕೆಳಗಿನಿಂದ ಕೇಳುತ್ತಿದ್ದಳು. ಮೆಣಸು ಚೀಲ ಸೇರಿದ ದಿನವೇ ಚಿಪ್ಪೂ ಪೂರ್ತಿ ಖಾಲಿ ಎಂದು ಯಂತ್ರ ಹೇಳಿತು.

ಗೆದ್ದೆನೆಂದು, ಓದಿಟ್ಟಿದ್ದ ಫೈಲು ಹುಡುಕಿದೆ. ಇಲ್ಲ. ಓದಿಸಿದ್ದೆ, ತೋರಿಸಿದ್ದೆ, ಪಾಠ ಮಾಡಿದ್ದೆ; ಸೇವ್ ಮಾಡಿರಲಿಲ್ಲ. ಹೆಂಡತಿಯ ಮೃದಂಗವನ್ನು ಒಂಬತ್ತು ದಿನ ಕಾದು ಕುಳಿತು ನಾನೇ ಕೊಂದಿದ್ದೆ. ಕಾರ್ಯಕ್ರಮಕ್ಕೆ ಉಳಿದದ್ದು ಎರಡು ದಿನ.

ಅವಳು ಪಾಠದಲ್ಲಿದ್ದಾಗ ಹಿತ್ತಲ ಬಾಗಿಲಿನಿಂದ ಪೆಟ್ಟಿಗೆಯ ಸಮೇತ ಪೂವಯ್ಯನ ಅಂಗಡಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ನಗುತ್ತಾನೆಂದುಕೊಂಡಿದ್ದೆ. ನಕ್ಕಿದ್ದರೆ ಎಷ್ಟೋ ಸಮಾಧಾನವಿರುತ್ತಿತ್ತು.

"ಅಕ್ಕ ಪೆಟ್ಟಿಗೆ ಕೊಟ್ಟ ದಿನವೇ ನಾನು ಓದಿ ಇಟ್ಟಿದ್ದೆ ಸಾರ್. ಹಂಗೆ ಇಟ್ಕಳ್ದೆ ಯಾವ ಚಿಪ್ಪನ್ನೂ ಕೈಯಿಂದ ಬಿಡಲ್ಲ" ಎಂದವನೇ, ಟೀ ತರಿಸಿ, ನಾನು ಕುಡಿದು ಮುಗಿಸುವುದರೊಳಗೆ ಬರೆದು, ಪೆಟ್ಟಿಗೆಗೆ ಕೂರಿಸಿ ಕೊಟ್ಟ. ಹೊರಡುವಾಗ ದನಿ ತಗ್ಗಿಸಿ, "ನೀವೇ ಮಾಡಿದ್ದು ಅನ್ನಿ ಸಾರ್. ನಾನೇನೂ ಹೇಳಕ್ಕೋಗಲ್ಲ" ಎಂದ. ಅವನ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಮನೆಗೆ ಬಂದು ಪೆಟ್ಟಿಗೆಯನ್ನು ಸುಮಿತ್ರಳ ಮುಂದಿಟ್ಟು, "ಆಯ್ತು ನೋಡು" ಎಂದೆ. ಅವಳು ಗುಂಡಿ ಒತ್ತಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಬಹಳ ಹೊತ್ತು ಕೇಳಿದಳು. ಒಂದು ಪೆಟ್ಟೂ ತಪ್ಪಲಿಲ್ಲ. ಮದುವೆಯಾದಾಗಿನಿಂದ ನೋಡದಿದ್ದ ಮೆಚ್ಚುಗೆಯಿಂದ ನನ್ನನ್ನು ನೋಡಿ, "ಪರವಾಗಿಲ್ಲ ರೀ! ಪೂವಯ್ಯ ಮಾಡಿದಷ್ಟೇ ಚೆನ್ನಾಗಿದೆ" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಮಾಡಿದ ಕೆಲಸವನ್ನು ಅವನ ಕೆಲಸಕ್ಕೆ ಹೋಲಿಸುವುದೇ? ಮುಖ ಊದಿಸಿಕೊಂಡು, ಕಾಫಿ ಲೋಟ ಹಿಡಿದು ತಾರಸಿಗೆ ಹೋಗಿ ಕುಳಿತೆ. ಅದು ಅವನೇ ಮಾಡಿದ್ದು ಎಂಬುದು ನನ್ನ ನೆನಪಿಗೆ ಬರುವ ಹೊತ್ತಿಗೆ ಕಾಫಿ ಆರಿಹೋಗಿತ್ತು.