ಗೆದ್ದವನನ್ನು ಸೋತವನೆಂದು ಘೋಷಿಸುವ ಬಗ್ಗೆ

ದಿನಾಂಕ: 14.11.2025, ಶುಕ್ರವಾರ

ಇಂದ,
ಡಿ. ಅಮರ್, ಬಿನ್ ದಿವಂಗತ ದೇವಯ್ಯ,
ವಯಸ್ಸು 49, ಪ್ರಥಮ ದರ್ಜೆ ಸಹಾಯಕ (ಇಲಾಖೆಯ ಮರ್ಯಾದೆಯ ದೃಷ್ಟಿಯಿಂದ ಅದರ ಹೆಸರನ್ನು ಕೈಬಿಡಲಾಗಿದೆ),
ಬಂಡಿ ಸಂಖ್ಯೆ 6,
4ನೇ ಅಡ್ಡರಸ್ತೆ, ಚಾಮರಾಜಪೇಟೆ, ಬೆಂಗಳೂರು.

ಗೆ,
ಶ್ರೀ ವೀರಭದ್ರಯ್ಯನವರು,
ಅಧ್ಯಕ್ಷರು, ಮಣ್ಣುಹಾದಿ ಹವ್ಯಾಸಿ ರೇಸುಗಾರರ ಸಂಘ,
ಕೇರಾಫ್ ತಮ್ಮ ಪೈಪ್ ಅಂಗಡಿ, ನಗರ್ತಪೇಟೆ.

ವಿಷಯ: ದಿನಾಂಕ 09.11.2025ರ ಓಟದಲ್ಲಿ ಅರ್ಜಿದಾರನು ಗೆದ್ದಿರುವುದನ್ನು ರದ್ದುಪಡಿಸಿ, ಆತನನ್ನು ಎಂದಿನಂತೆ ಸೋತವನೆಂದು ಘೋಷಿಸುವಂತೆ ಕೋರಿ. (ಶನಿವಾರ ಸೇರಿಸಿದ್ದು: ಕಂಡಿಕೆ 8ನ್ನು ಓದುವವರೆಗೆ ಯಾವುದೇ ಕ್ರಮ ಕೈಗೊಳ್ಳಬಾರದಾಗಿ ವಿನಂತಿ.)

ಉಲ್ಲೇಖ: 1) ಸಂಘದ ನಿಯಮ 7, ಕಳೆದ ಆಯುಧಪೂಜೆಯ ದಿನ ಅಂಗೀಕೃತ. ಕರಡು ಬರೆದವರು: ಅರ್ಜಿದಾರ.
2) ಬುಧವಾರ ಸಂಜೆ ಶ್ರೀ ಶ್ರೀಧರ್ ಅವರು ಅರ್ಜಿದಾರನ ಮನೆಯಲ್ಲಿ ಕುಡಿದ ಕಾಫಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಆತ ಗೆದ್ದಿದ್ದಾನೆ. ಇದರಿಂದ ತಮಗೆಷ್ಟು ಆಶ್ಚರ್ಯವಾಯಿತೋ ಅದಕ್ಕಿಂತ ಹೆಚ್ಚು ಆತನಿಗಾಗಿದೆ. ಇಪ್ಪತ್ತಾರು ವರ್ಷ ಬೇರೆಯವರ ಅರ್ಜಿಗಳ ಮೇಲೆ ‘ಪರಿಶೀಲಿಸಿದೆ, ಅವಕಾಶವಿಲ್ಲ’ ಎಂದು ಬರೆದು ಕೈ ಪಳಗಿದವನು ಇಂದು ತನ್ನದೇ ಅರ್ಜಿ ಬರೆಯಲು ಕುಳಿತಿದ್ದಾನೆ. ‘ನಾನು’ ಎಂದು ಬರೆಯಲು ನಾಚಿಕೆಯಾದ ಕಾರಣ ‘ಅರ್ಜಿದಾರ’ ಎಂದೇ ಬರೆಯುತ್ತಿದ್ದಾನೆ. ಮನ್ನಿಸಬೇಕು.

1. ಸಂಘಕ್ಕೆ ಹೊಸದಾಗಿ ಸೇರುವವರೂ ಈ ಕಡತವನ್ನು ಓದಬಹುದಾದ್ದರಿಂದ ಹಿನ್ನೆಲೆ ತಿಳಿಸುವುದು ಸೂಕ್ತ. ನಮ್ಮ ಬಂಡಿ ಎಂದರೆ ಕಬ್ಬಿಣದ ಪೈಪುಗಳನ್ನು ಬೆಸೆದು ಮಾಡಿದ ಒಂದು ಪಂಜರ, ಒಂದೇ ಸೀಟು, ಮಡ್‌ಗಾರ್ಡ್ ಇಲ್ಲದೆ ಹೊರಗೆ ಚಾಚಿಕೊಂಡ ನಾಲ್ಕು ಚಕ್ರ, ಬೆನ್ನ ಹಿಂದೆ ಗುಜರಿಯಿಂದ ತಂದ ಹಳೆಯ ಕಾರಿನ ಇಂಜಿನ್. ಮಾಗಡಿ ರಸ್ತೆಯಾಚೆ, ಇಟ್ಟಿಗೆ ಗೂಡು ಮುಚ್ಚಿಹೋದ ಬಯಲಿನಲ್ಲಿ, ಬರಿಯ ಮಣ್ಣಿನ ಮೇಲೆ ಎಂಟು ಸುತ್ತು. ಚಕ್ರ ಎರಚಿದ ಮಣ್ಣೆಲ್ಲ ಹಿಂದೆ ಬರುವವನ ಬಾಯಿಗೆ ಹೋಗುತ್ತದೆ. ಅರ್ಜಿದಾರ ಕಳೆದ ಭಾನುವಾರಕ್ಕೆ ಮುಂಚಿನ ನಾಲ್ಕು ವರ್ಷಗಳಲ್ಲಿ ಹನ್ನೊಂದು ಓಟಗಳಲ್ಲಿ ಭಾಗವಹಿಸಿ ಹನ್ನೊಂದರಲ್ಲೂ ಕೊನೆಯವನಾಗಿ ಬಂದಿರುವ ಕಾರಣ, ಆ ಬಯಲಿನ ಮಣ್ಣಿನ ರುಚಿ ಆತನಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರಲಾರದು. ಆದರೆ ಒಮ್ಮೆಯೂ ಆತ ಅರ್ಧಕ್ಕೆ ನಿಲ್ಲಿಸಿಲ್ಲ. ಎಂಟೂ ಸುತ್ತು ಮುಗಿಸಿಯೇ ಸೋತಿದ್ದಾನೆ. ಈ ಅಂಶವನ್ನು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಆತನ ತಾಯಿ ಗಂಗರತ್ನಮ್ಮನವರು ಪ್ರತಿ ಓಟದ ನಂತರ ಕೇಳುವುದು ಒಂದೇ ಪ್ರಶ್ನೆ: “ಇವತ್ತಾದ್ರೂ ನೀನ್ ಮುಗಿಸೋವರೆಗೂ ಯಾರಾದ್ರೂ ಕಾಯ್ತಾ ಇದ್ರೇನೋ?”

2. ಶುರುವಿನಲ್ಲಿ ಸಂಘದಲ್ಲಿ ಹದಿನಾಲ್ಕು ಬಂಡಿಗಳಿದ್ದವು. ಎರಡು ಟೈರ್ ಅಂಗಡಿಗಳ ಮಾಲೀಕರಾದ ಶ್ರೀ ಶ್ರೀಧರ್ (ಬಂಡಿ ಸಂಖ್ಯೆ 1) ಕೊಯಮತ್ತೂರಿಗೆ ಇಂಜಿನ್ ಕಳಿಸಿ ಹೊಸದಾಗಿ ಕಟ್ಟಿಸಿಕೊಂಡು ಬಂದರು. ಅವರನ್ನು ಹಿಡಿಯಲು ಇನ್ನಿಬ್ಬರು ಕಟ್ಟಿಸಿದರು. ಆ ಇಬ್ಬರನ್ನು ಹಿಡಿಯಲು ಹೊರಟ ಒಬ್ಬರು ಹೆಂಡತಿಯ ಬಳೆ ಅಡವಿಟ್ಟು, ಈಗ ಭಾನುವಾರ ಮನೆಯಿಂದ ಹೊರಬರುವ ಸ್ವಾತಂತ್ರ್ಯವನ್ನೇ ಕಳೆದುಕೊಂಡಿದ್ದಾರೆ. ಹದಿನಾಲ್ಕು ಆರಾಯಿತು. ಉಳಿದವರು ಸೋಫಾದ ಮೇಲೆ ಕುಳಿತು ಮೊಬೈಲಿನಲ್ಲಿ ಬೇರೆ ದೇಶದವರ ರೇಸು ನೋಡುತ್ತಾರೆ. ಹವ್ಯಾಸ ದುಬಾರಿಯಾದರೆ ಬಡವರು ಮೊದಲು ಹೋಗುತ್ತಾರೆ, ಆಮೇಲೆ ಜಿಪುಣರು ಹೋಗುತ್ತಾರೆ, ಕೊನೆಗೆ ಶ್ರೀಧರ್ ಒಬ್ಬರೇ ಸುತ್ತುತ್ತಿರುತ್ತಾರೆ.

ಆಗ ತಾವೇ ಅಂಗಡಿಯಲ್ಲಿ ಅರ್ಜಿದಾರನನ್ನು ಕೂರಿಸಿಕೊಂಡು, “ಅಮರ್, ನಿಮಗೆ ಓಡ್ಸಕ್ಕೆ ಬರಲ್ಲ, ಬರಿಯಕ್ಕಾದ್ರೂ ಬರತ್ತಲ್ಲ. ಖರ್ಚು ಹಿಡಿಯೋ ಹಂಗೆ ಒಂದ್ ರೂಲ್ ಬರ್ಕೊಡಿ,” ಎಂದಿರಿ. ಅರ್ಜಿದಾರ ಬರೆದುಕೊಟ್ಟ. ಅದೇ ನಿಯಮ 7: ‘ಗೆದ್ದ ಬಂಡಿಯ ಇಂಜಿನನ್ನು, ಅದೇ ಓಟವನ್ನು ಪೂರ್ತಿ ಮುಗಿಸಿ ಸೋತವರು ಯಾರಾದರೂ ಇಪ್ಪತ್ತು ಸಾವಿರ ರೂಪಾಯಿಗೆ ಕೇಳಿದಲ್ಲಿ, ಗೆದ್ದವರು ಏಳು ದಿನಗಳೊಳಗೆ ಕಾರ್ಬುರೇಟರ್ ಸಮೇತ ಬಿಚ್ಚಿ ಕೊಡತಕ್ಕದ್ದು.’ ಇಪ್ಪತ್ತು ಸಾವಿರಕ್ಕೆ ಕೈಬಿಟ್ಟು ಹೋಗಬಹುದಾದ ಇಂಜಿನ್ನಿಗೆ ಯಾರೂ ಎರಡು ಲಕ್ಷ ಸುರಿಯುವುದಿಲ್ಲ ಎಂಬುದು ಇದರ ಹಿಂದಿನ ಉದ್ದೇಶ. ಆಯುಧಪೂಜೆಯ ದಿನ ಬಂಡಿಗಳಿಗೆ ಕುಂಬಳಕಾಯಿ ಒಡೆದ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿ ಒಪ್ಪಿದರು. ಶ್ರೀಧರ್ ಅವರೂ ತಟ್ಟಿದರು.

3. ಇಲ್ಲಿ ಒಂದು ತಪ್ಪೊಪ್ಪಿಗೆ ಅವಶ್ಯ. ಸದರಿ ನಿಯಮದ ಉಪನಿಯಮ (ಆ) ಹೀಗಿದೆ: ‘ಕೊನೆಯ ಸ್ಥಾನದಲ್ಲಿ ಮುಗಿಸಿದವರಿಗೆ ಮೊದಲ ಹಕ್ಕು ಇರತಕ್ಕದ್ದು.’ ದುರ್ಬಲರ ಹಿತರಕ್ಷಣೆಗಾಗಿ ಎಂದು ಅರ್ಜಿದಾರ ಸಭೆಯಲ್ಲಿ ವಿವರಿಸಿದ್ದ. ಸಂಘದಲ್ಲಿ ಸದಾ ಕೊನೆಗೆ ಬರುವ ದುರ್ಬಲ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಕೊಯಮತ್ತೂರಿನ ಇಂಜಿನ್ ತನ್ನ ಬಂಡಿಯ ಬೆನ್ನಿಗೆ ಬಂದು ಕುಳಿತಂತೆ ಅರ್ಜಿದಾರ ಒಂದು ತಿಂಗಳು ಕನಸು ಕಂಡ.

4. ದಿನಾಂಕ 09.11.2025, ಭಾನುವಾರ, ಬೆಳಗ್ಗೆ ಎಂಟು ಗಂಟೆ. ಹೊಸ ನಿಯಮ ಬಂದ ಮೇಲಿನ ಮೊದಲ ಓಟ. ಧೂಳು ಅಡಗಲೆಂದು ಟ್ಯಾಂಕರಿನವನು ಎರಡನೇ ತಿರುವಿಗೆ ನೀರು ಹೆಚ್ಚಾಗಿಯೇ ಬಿಟ್ಟಿದ್ದ. ಏಳನೇ ಸುತ್ತಿನಲ್ಲಿ ಮುಂದಿದ್ದ ಐದೂ ಬಂಡಿಗಳು ಆ ಕೆಸರಿನಲ್ಲಿ ಒಂದಕ್ಕೊಂದು ತಗುಲಿ ಕೂತುಬಿಟ್ಟವು. ಅರ್ಜಿದಾರ ಎಂದಿನಂತೆ ಅರ್ಧ ಸುತ್ತು ಹಿಂದಿದ್ದ. ಆತ ತಿರುವಿಗೆ ಬರುವಾಗ ಗೇರ್ ಇಳಿಸಲು ಮರೆತಿದ್ದ, ಕನ್ನಡಕದ ತುಂಬ ಮಣ್ಣಿತ್ತು, ಎಡಕ್ಕೆ ಹೋಗಬೇಕೋ ಬಲಕ್ಕೋ ಎಂಬ ಬಗ್ಗೆ ಮನಸ್ಸಿನಲ್ಲಿ ಒಮ್ಮತವಿರಲಿಲ್ಲ. ಸೋಲಲು ಬೇಕಾದುದೆಲ್ಲವನ್ನೂ ಆತ ಕ್ರಮಬದ್ಧವಾಗಿ ಮಾಡಿದ್ದಾನೆ. ಇಂಜಿನ್ ಸಹಕರಿಸಲಿಲ್ಲ. ಮೂರನೇ ಗೇರಿನಲ್ಲೇ ಒಮ್ಮೆ ಗುಡುಗುಡು ಎಂದು, ಕೆಸರನ್ನು ಹತ್ತಿ, ಐವರನ್ನೂ ದಾಟಿಸಿ, ಹೊರಗೆ ತಂದು ಬಿಟ್ಟಿತು. ಎಂಟನೇ ಸುತ್ತು ಮುಗಿದು ತಾವು ಕಪ್ಪುಬಿಳಿ ಬಾವುಟ ಬೀಸಿದಾಗ, ತನ್ನನ್ನು ಓಟದಿಂದ ಹೊರಗೆ ಹಾಕುತ್ತಿದ್ದಾರೆಂದು ತಿಳಿದು ಅರ್ಜಿದಾರ ಕ್ಷಮೆ ಕೇಳುವಂತೆ ಕೈ ಎತ್ತಿ ಇನ್ನೂ ಎರಡು ಸುತ್ತು ಓಡಿಸಿದ. ಕೆಸರಿನಿಂದ ಎಲ್ಲರಿಗಿಂತ ತಡವಾಗಿ ಎದ್ದು, ಎಂಟು ಸುತ್ತು ಮುಗಿಸಿ, ಕೊನೆಗೆ ಬಂದವರು ಶ್ರೀಧರ್.

5. ಬುಧವಾರ ಸಂಜೆ ಶ್ರೀಧರ್ ಮನೆಗೆ ಬಂದರು. ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, ಜೇಬಿನಿಂದ ಲಕೋಟೆ ತೆಗೆದರು.

“ರೂಲ್ ಏಳು, ಅಮರ್ ಸಾರ್. ಇಂಜಿನ್ ಭಾನುವಾರದೊಳಗೆ ಬಿಚ್ಕೊಡ್ತೀರಲ್ಲ?”

“ಶ್ರೀಧರ್ ಅವ್ರೇ, ಅದು ಗುಜರಿ ಮಾಲು. ನಿಮ್ ಹತ್ರ ಕೊಯಮತ್ತೂರಿಂದೇ ಇದೆಯಲ್ಲ.”

“ನಂದು ಕೆಸರಲ್ಲಿ ಕೂತ್ಬಿಡ್ತು. ನಿಮ್ದು ಮೂರ್ನೇ ಗೇರಲ್ಲಿ ಹತ್ಕೊಂಡ್ ಹೋಯ್ತು. ನಾನು ಅಲ್ಲೇ ಕೂತ್ಕೊಂಡು ನೋಡ್ತಾ ಇದ್ದೆ ಸಾರ್. ಅದು ನೀವ್ ಓಡ್ಸಿದ್ದಲ್ಲ, ಬೇಜಾರ್ ಮಾಡ್ಕೋಬೇಡಿ.”

ಮಾತು ನಿಜವಾದ್ದರಿಂದ ಅರ್ಜಿದಾರನಿಗೆ ಬೇಜಾರಾಗಲಿಲ್ಲ. ಬೇಜಾರಾದದ್ದು ಲಕೋಟೆ ನೋಡಿ. ಅದನ್ನು ತೆಗೆದುಕೊಳ್ಳದೆ ಬೇರೆ ದಾರಿಯಿರಲಿಲ್ಲ, ಏಕೆಂದರೆ ಬೇರೆ ದಾರಿ ಇರದಂತೆ ನಿಯಮ ಬರೆದವನು ಆತನೇ.

6. ಈಗ ಇಂಜಿನ್ ಯಾರದೆಂಬ ವಿಚಾರ. ಅದನ್ನು ಕಟ್ಟಿದವಳು ಅರ್ಜಿದಾರನ ಒಬ್ಬಳೇ ಮಗಳು ವಿಶಾಖಾ, ವಯಸ್ಸು ಹತ್ತೊಂಬತ್ತು, ಮೆಕ್ಯಾನಿಕಲ್ ಡಿಪ್ಲೊಮಾ ಕೊನೆಯ ವರ್ಷ. ಜೆ.ಸಿ. ರಸ್ತೆಯ ಹಿಂದಿನ ಗುಜರಿಯಲ್ಲಿ ಒಂಬತ್ತು ಇಂಜಿನ್‌ಗಳನ್ನು ಕೈಯಿಂದ ತಿರುಗಿಸಿ ನೋಡಿ ಇದನ್ನು ಆರಿಸಿದಳು. ಏಳು ತಿಂಗಳು ಮನೆಯ ಹಜಾರದಲ್ಲಿ ಹಳೆಯ ಪೇಪರ್ ಹಾಸಿಕೊಂಡು ಒಂದೊಂದೇ ವಾಲ್ವ್ ಉಜ್ಜಿ ಕೂರಿಸಿದಳು. ಅಜ್ಜಿಯ ದೋಸೆಹಿಟ್ಟಿನ ಪಾತ್ರೆಯಲ್ಲಿ ಪೆಟ್ರೋಲ್ ಸುರಿದು ಬಿಡಿಭಾಗ ತೊಳೆದದ್ದಕ್ಕೆ ಮನೆಯಲ್ಲಿ ಮೂರು ದಿನ ದೋಸೆ ನಿಂತಿತ್ತು. ಇದರಲ್ಲಿ ಅರ್ಜಿದಾರನ ಕೊಡುಗೆ ಟಾರ್ಚ್ ಹಿಡಿದದ್ದು. ಅದನ್ನೂ ನೆಟ್ಟಗೆ ಹಿಡಿಯಲಿಲ್ಲ ಎಂಬ ದೂರು ಬಾಕಿಯಿದೆ.

ಇಂಜಿನ್ ಮೊದಲ ಸಲ ಶುರುವಾದ ದಿನ ಆಕೆ, “ಅಪ್ಪ, ಇದನ್ನ ನಾನೇ ಓಡಿಸ್ಲಾ?” ಎಂದು ಕೇಳಿದಳು. “ಮೊದ್ಲು ಡಿಪ್ಲೊಮಾ ಮುಗೀಲಿ,” ಎಂದು ಅರ್ಜಿದಾರ ಆದೇಶಿಸಿದ. ಡಿಪ್ಲೊಮಾಗೂ ಇದಕ್ಕೂ ಸಂಬಂಧವಿಲ್ಲ. ಆತನಿಗೆ ಭಯ. ಕಡತದಲ್ಲಿ ‘ಭಯ’ ಎಂದು ಬರೆದು ಅಭ್ಯಾಸವಿಲ್ಲದ ಕಾರಣ ಬೇರೊಂದು ಕಾರಣ ನಮೂದಿಸಿದ. ಆದ್ದರಿಂದ, ಈ ಇಂಜಿನ್ನಿನ ಮೊದಲ ಓಟವಾದ ಕಳೆದ ಭಾನುವಾರ, ಓಡಿಸಲು ಬರುವವಳು ಬೇಲಿಯ ಆಚೆ ನಿಂತಳು, ಬಾರದವನು ಸೀಟಿನಲ್ಲಿ ಕುಳಿತ.

7. ನಿಯಮವನ್ನೇ ತೆಗೆದುಹಾಕಿ ಎಂದು ಅರ್ಜಿದಾರ ಕೇಳುವಂತಿಲ್ಲ. ನಿಯಮ ಬಂದ ಮೇಲೆ, ಬಿಟ್ಟುಹೋದ ಎಂಟು ಜನರಲ್ಲಿ ಮೂವರು ‘ಹಂಗಾದ್ರೆ ನಮ್ ಬಂಡೀನೂ ಈಚೆ ತೆಗಿತೀವಿ’ ಎಂದು ತಮ್ಮ ಪೈಪ್ ಅಂಗಡಿಗೆ ಫೋನ್ ಮಾಡಿದ್ದಾರೆ. ಸ್ವಂತ ಇಂಜಿನ್ ಉಳಿಸಿಕೊಳ್ಳಲು ಅವರ ಭಾನುವಾರ ಕಿತ್ತುಕೊಂಡರೆ ಅರ್ಜಿದಾರನಿಗೂ ದುಡ್ಡಿದ್ದವರಿಗೂ ವ್ಯತ್ಯಾಸವೇನು? ಆದ ಕಾರಣ ಉಳಿದದ್ದು ಒಂದೇ ಮಾರ್ಗ. ಅರ್ಜಿದಾರ ಗೆದ್ದೇ ಇಲ್ಲವೆಂದಾದರೆ ಆತನ ಇಂಜಿನನ್ನು ಯಾರೂ ಕೇಳುವಂತಿಲ್ಲ. ಹನ್ನೊಂದು ಓಟಗಳ ಫಲಿತಾಂಶ ಪಟ್ಟಿಯನ್ನು ಪುರಾವೆಯಾಗಿ ಲಗತ್ತಿಸಿದೆ. ಇಂಥವನು ಗೆಲ್ಲಲು ಸಾಧ್ಯವೇ ಎಂಬುದನ್ನು ತಾವೇ ಪರಿಶೀಲಿಸಿ, ಎಂದಿನಂತೆ ಕೊನೆಯ ಸ್ಥಾನ ಮಂಜೂರು ಮಾಡಬೇಕೆಂದು ಕೋರಿಕೆ.

8. (ಶನಿವಾರ, 15.11.2025ರಂದು ಸೇರಿಸಿದ್ದು. ಒಮ್ಮೆ ಬರೆದ ಟಿಪ್ಪಣಿಯನ್ನು ಹರಿಯಬಾರದು, ಕೆಳಗೆ ಮುಂದುವರಿಸಬೇಕು ಎಂಬುದು ಕಚೇರಿಯ ಪಾಠವಾದ್ದರಿಂದ ಮೇಲಿನದನ್ನು ಹಾಗೆಯೇ ಬಿಡಲಾಗಿದೆ.)

ಇಂದು ಬೆಳಗ್ಗೆ ಊಟದ ಮೇಜಿನ ಮೇಲಿದ್ದ ಈ ಅರ್ಜಿಯನ್ನು ವಿಶಾಖಾ ಓದಿದಳು. ನಿಂತುಕೊಂಡೇ ಎರಡು ಸಲ ಓದಿದಳು.

“ಇದೇನಪ್ಪಾ ಇದು?”

“ಇಂಜಿನ್ ಉಳಿಯತ್ತೆ ಕಣಮ್ಮ.”

“ಏನಾಗಿ ಉಳಿಯತ್ತೆ? ಸೋತಿರೋ ಇಂಜಿನ್ ಆಗಿ. ಒಂದೇ ಒಂದ್ ಸಲ ಗೆದ್ದಿದೆ ಅಪ್ಪ ಅದು. ಅದನ್ನೂ ನೀವೇ ಹೊಡೆದಾಕ್ತೀರಾ?”

ಇಂಜಿನ್ ಹೋಗುತ್ತದೆ ಎಂದು ಅರ್ಜಿದಾರ ಮೂರು ರಾತ್ರಿ ನಿದ್ದೆ ಕೆಟ್ಟಿದ್ದ. ಆಕೆಗೆ ಬೇಕಾದದ್ದು ಇಂಜಿನ್ ಅಲ್ಲ, ಅದು ಗೆದ್ದಿತು ಎಂಬ ಒಂದು ಸಾಲು ಎಂದು ಆತನಿಗೆ ಹೊಳೆದೇ ಇರಲಿಲ್ಲ. ಆತನಿಗೆ ಕಣ್ಣು ತುಂಬಿ ಬಂತು. ಮಗಳು ನೋಡದಿರಲೆಂದು ಕನ್ನಡಕ ಒರೆಸಿಕೊಂಡ.

ಅಷ್ಟರಲ್ಲಿ ಆಕೆ ಅರ್ಜಿಯ ಜೊತೆಗಿದ್ದ ನಿಯಮದ ಹಾಳೆ ಕೈಗೆತ್ತಿಕೊಂಡಿದ್ದಳು. ಉಪನಿಯಮ (ಆ)ಕ್ಕೆ ಬಂದು ನಿಂತಳು.

“ಶ್ರೀಧರ್ ಅಂಕಲ್‌ಗೆ ಕೊಟ್ಬಿಡಿ. ಮುಂದಿನ್ ಓಟ ನನ್ ಇಂಜಿನ್ನಲ್ಲಿ ಅವ್ರೇ ಗೆಲ್ತಾರೆ. ಕೊನೇಲಿ ಬಂದೋರು ಮೊದ್ಲು ಕೇಳ್ಬೋದು ಅಂತ ನೀವೇ ಬರ್ದಿದೀರಲ್ಲ, ಅವಾಗ ವಾಪಸ್ ಕೇಳೋಣ.”

ಅರ್ಜಿದಾರ ಜೀವನದಲ್ಲಿ ಮೊದಲ ಬಾರಿಗೆ ಒಂದು ಕಡತವನ್ನು ತಡೆಯಿಲ್ಲದೆ ವಿಲೇವಾರಿ ಮಾಡಿದ. “ಹಾಗಾದ್ರೆ ನೀನೇ ಓಡ್ಸು.”

ವಿಶಾಖಾ ಆತನ ಮುಖವನ್ನೇ ನೋಡಿದಳು. ಆಮೇಲೆ ಅಡ್ಡಡ್ಡ ತಲೆಯಾಡಿಸಿದಳು.

“ಬೇಡ ಅಪ್ಪ, ಇದೊಂದ್ ಓಟ ನೀವೇ ಓಡ್ಸಿ. ನಾನ್ ಓಡ್ಸಿದ್ರೆ ಕೊನೇಲಿ ಬರಕ್ಕಾಗಲ್ಲ.”

9. ಮೇಲ್ಕಂಡ ಎಲ್ಲ ಕಾರಣಗಳಿಂದ ಕಂಡಿಕೆ 7ರ ಕೋರಿಕೆಯನ್ನು ಹಿಂಪಡೆದು, ಅರ್ಜಿದಾರ ಈ ಕೆಳಗಿನಂತೆ ವಿನಂತಿಸುತ್ತಾನೆ.

ಭಾನುವಾರದ ಗೆಲುವನ್ನು ಹಾಗೆಯೇ ಉಳಿಸಿ, ಸಂಘದ ಪುಸ್ತಕದಲ್ಲಿ ಅದರ ಮುಂದೆ ‘ಇಂಜಿನ್ ಕಟ್ಟಿದವರು: ವಿಶಾಖಾ’ ಎಂದು ದಪ್ಪ ಅಕ್ಷರದಲ್ಲಿ ಬರೆಸಬೇಕು. ಓಡಿಸಿದವನ ಹೆಸರು ಚಿಕ್ಕದಿದ್ದರೂ ನಡೆಯುತ್ತದೆ. ಇಂಜಿನನ್ನು ನಾಳೆ ಹತ್ತು ಗಂಟೆಗೆ ಶ್ರೀಧರ್ ಅವರಿಗೆ ಒಪ್ಪಿಸಲಾಗುವುದು. ಮುಂದಿನ ಓಟಕ್ಕೆ, ಹನ್ನೊಂದು ಬಾರಿ ಸೋತ ಹಳೆಯ ಇಂಜಿನ್ ಮನೆಯ ಮೆಟ್ಟಿಲ ಕೆಳಗೆ ಸುಸ್ಥಿತಿಯಲ್ಲಿದೆ. ಬೇಕೆಂದೇ ಸೋಲುವುದು ಕ್ರೀಡಾಧರ್ಮಕ್ಕೆ ವಿರುದ್ಧವಾದ್ದರಿಂದ ಅರ್ಜಿದಾರ ಗೆಲ್ಲಲು ಪ್ರಾಮಾಣಿಕವಾಗಿ ಪ್ರಯತ್ನಿಸುತ್ತಾನೆ, ಪರಿಣಾಮದಲ್ಲಿ ವ್ಯತ್ಯಾಸವಾಗುವುದಿಲ್ಲ. ಅದಾದ ನಂತರದ ಓಟದಿಂದ ಬಂಡಿ ಸಂಖ್ಯೆ 6ರ ಸೀಟನ್ನು ವಿಶಾಖಾ ಹೆಸರಿಗೆ ಕಾಯಂ ವರ್ಗಾಯಿಸಬೇಕು, ಮತ್ತು ಬೇಲಿಯ ಪಕ್ಕ, ನೆರಳಿರುವ ಕಡೆ, ಅರ್ಜಿದಾರನಿಗೆ ಒಂದು ಕುರ್ಚಿ ಒದಗಿಸಬೇಕು. ಕಾರಣ: ಭಯ.

ತಮ್ಮ ವಿಶ್ವಾಸಿ,
ಡಿ. ಅಮರ್
(ಸಂಘದ ವಿಜೇತ, ತಾತ್ಕಾಲಿಕ)

ಲಗತ್ತುಗಳು:
1) ನಿಯಮ 7, ಅರ್ಜಿದಾರನ ಕೈಬರಹದಲ್ಲಿಯೇ.
2) ಹನ್ನೊಂದು ಓಟಗಳ ಫಲಿತಾಂಶ, ಸ್ವಯಂ ದೃಢೀಕೃತ.
3) ಶ್ರೀಧರ್ ಅವರು ಕೊಟ್ಟ ಇಪ್ಪತ್ತು ಸಾವಿರ ರೂಪಾಯಿ, ಅದೇ ಲಕೋಟೆಯಲ್ಲಿ. ಮುಂದಿನ ಓಟ ಮುಗಿದ ಕೂಡಲೇ ಅವರಿಗೇ ಕೊಡುವ ಸಲುವಾಗಿ ತಮ್ಮಲ್ಲಿ ಇಟ್ಟಿದೆ.
4) ಗೆದ್ದ ಕಪ್: ಲಗತ್ತಿಸಿಲ್ಲ. ಗಂಗರತ್ನಮ್ಮನವರು ಕೈಬಿಡುತ್ತಿಲ್ಲ.

ವಿಶೇಷ ಸೂಚನೆ: ಮುಂದಿನ ಓಟದ ದಿನ ಎರಡನೇ ತಿರುವಿಗೆ ನೀರು ಹೆಚ್ಚು ಬಿಡದಂತೆ ಟ್ಯಾಂಕರಿನವರಿಗೆ ಲಿಖಿತ ಆದೇಶ ನೀಡಬೇಕು. ಅರ್ಜಿದಾರ ಮತ್ತೊಮ್ಮೆ ಗೆದ್ದುಬಿಡುವ ಸಂಭವವಿದೆ.