ತಳ್ಳಿದರೆ ಓಡುವ ವಾಹನಗಳು

ಕೂತಲ್ಲಿ ಕೂತು ಒಂದು ಲೋಟ ಕಾಫಿ ಪೂರ್ತಿ ಕುಡಿಯೋ ಯೋಗ ಪುರಸಭೆ ಹೆಲ್ತ್ ಇನ್ಸ್‌ಪೆಕ್ಟರಿಗೆ ಇಲ್ಲ. ಅರ್ಧ ಲೋಟಕ್ಕೆ ಬಂದಿರ್ತೀನಿ, ಯಾವುದೋ ತಿಂಡಿಗಾಡಿ ಎಲ್ಲೋ ಅಡ್ಡ ನಿಂತಿದೆ ಅಂತ ಫೋನು ಬರತ್ತೆ. ನಮ್ಮೂರ ಪೇಟೆ ಬೀದಿಗೆ ಗೋಬಿ ಮಂಚೂರಿ ಯಾವತ್ತು ಕಾಲಿಟ್ಟಿತೋ ಅವತ್ತಿಂದ ನನ್ನ ಕಾಲು ನಿಂತಿಲ್ಲ.

ಎಬ್ಬಿಸೋ ಕೆಲಸ

ಬಸ್ ಸ್ಟ್ಯಾಂಡ್ ಮುಂದೆ ಎಬ್ಬಿಸಿದರೆ ಗಾಡಿಗಳೆಲ್ಲ ಆಸ್ಪತ್ರೆ ರಸ್ತೆಗೆ ಹೋಗ್ತವೆ. ನಾವು ಅಲ್ಲಿಗೆ ಹೋದರೆ ಅವು ಬಸ್ ಸ್ಟ್ಯಾಂಡಿಗೇ ವಾಪಸ್. ನಮ್ಮ ಜೀಪಿಗೋ, ಕೀ ತಿರುಗಿಸಿದ ಮಾತ್ರಕ್ಕೆ ಸ್ಟಾರ್ಟ್ ಆಗೋ ಅಭ್ಯಾಸವೇ ಇಲ್ಲ. ಗದರಿಸಿ ಮುಗಿಸಿ ಹತ್ತಿ ಕೂತರೆ, ಬೈಸಿಕೊಂಡವರೇ ಬಂದು ತಳ್ಳಬೇಕು. ಪಾಪ, ಮನಸಾರೆ ತಳ್ಳೋರು. ನಾವು ತೊಲಗಿದರೆ ಸಾಕಾಗಿತ್ತು ಅವರಿಗೆ.

ಒಂದು ದಿನ ಅಲೆದು ಅಲೆದು ಸುಸ್ತಾಗಿ, ನಾಳೆ ಎಲ್ಲಿಗೆ ಹೋಗ್ತೀರೋ ಈಗಲೇ ಹೇಳಪ್ಪ, ನೇರ ಅಲ್ಲಿಗೇ ಬರ್ತೀನಿ ಅಂತ ಗೋಬಿಯವನನ್ನ ಕೇಳಿದೆ. ಅವನು ಎಲ್ಲರನ್ನೂ ವಿಚಾರಿಸಿಕೊಂಡು ಬಂದ.

"ಆಸ್ಪತ್ರೆ ರಸ್ತೆ ಸಾರ್. ಆದ್ರೆ ಸ್ವಲ್ಪ ಬೇಗ ಬನ್ನಿ. ಎಣ್ಣೆ ಕಾದ್ಮೇಲೆ ಗಾಡಿ ತಳ್ಳಕ್ಕಾಗಲ್ಲ."

ಕೈಗವಸು

ಎಲ್ಲರೂ ಕೈಗೆ ಗ್ಲೌಸ್ ಹಾಕಲೇಬೇಕು ಅಂತ ಮೈಕಿನಲ್ಲಿ ಕೂಗಿಸಿದೆವು. ಮಾರನೇ ದಿನವೇ ಗೋಬಿಯವನು ಹಾಕಿದ್ದ. ನನಗೋ ಹೆಮ್ಮೆ. ಅದೇ ಗ್ಲೌಸಿನಲ್ಲಿ ತಲೆ ಕೆರೆದುಕೊಂಡ, ಸ್ಟೌವಿಗೆ ಪಂಪು ಹೊಡೆದ, ಮೂಗು ಒರೆಸಿಕೊಂಡ, ಆಮೇಲೆ ಗೋಬಿ ಕಲೆಸಿದ. ನನಗೆ ಮೈ ಉರಿದುಹೋಯ್ತು. ಇದಕ್ಕೇನಯ್ಯ ಗ್ಲೌಸ್ ಹಾಕಿಸಿದ್ದು ಅಂತ ರೇಗಿದೆ. ಅವನು ನಿಧಾನವಾಗಿ ಗ್ಲೌಸ್ ಬಿಚ್ಚಿ ಅಂಗೈ ತೋರಿಸಿದ.

"ನೋಡಿ ಸಾರ್, ಕೈ ಎಷ್ಟು ಕ್ಲೀನಾಗೈತೆ."

ಅಕ್ಕನ ವ್ಯಾನು

ನಮ್ಮೂರ ರೇಷ್ಮೆಗೂಡಿನ ಮಾರ್ಕೆಟ್ ಮುಂದೆ ಒಂದು ಹಳೇ ಮೆಟಡೋರ್ ವ್ಯಾನು. ಅದರಲ್ಲಿ ಇಡ್ಲಿ ಮಾರೋ ಅಕ್ಕ. ಮೇಲೂರಿಂದ ಗೂಡು ತಂದ ರೈತರು, ನೂಲು ತೆಗೆಯೋ ರೀಲರುಗಳು, ಎಲ್ಲರಿಗೂ ಬೆಳಗಿನ ತಿಂಡಿ ಅಲ್ಲೇ. ಹೊಸದಾಗಿ ಬಂದ ನಮ್ಮ ಮುಖ್ಯಾಧಿಕಾರಿಗಳ ಕಣ್ಣು ಅದರ ಮೇಲೆ ಬಿತ್ತು. ವ್ಯಾನು ಓಡಿದರೆ ಸಂಚಾರಿ ಕ್ಯಾಂಟೀನು, ಪರ್ಮಿಷನ್ ಕೊಡಣ. ಓಡದಿದ್ದರೆ ರಸ್ತೆ ಮೇಲಿನ ಅಂಗಡಿ, ಎತ್ತಿಸಿ ಗುಜರಿಗೆ ಹಾಕಣ. ಸೋಮವಾರ ನಾನೇ ಬಂದು ನೋಡ್ತೀನಿ ಅಂದರು.

ವಿಷಯ ಹೇಳಕ್ಕೆ ಹೋದೆ. ಸಂಕಟ ಬಂದರೆ ಅಕ್ಕನ ಬಾಯಿಗೆ ತೆಲುಗೇ ಬರೋದು. "ಏಮಿ ಚೇಸೇದಿ ಸಾರ್, ಏನ್ ಮಾಡ್ಲಿ? ಇಂಜಿನ್ ಇದ್ದ ಜಾಗದಲ್ಲಿ ಸಾಂಬಾರ್ ಇದೆ," ಅಂದಳು.

ಬಗ್ಗಿ ನೋಡಿದೆ. ನಿಜವೇ. ಡ್ರೈವರ್ ಸೀಟಿನ ಪಕ್ಕ, ಇಂಜಿನ್ ಕೂರೋ ಗುಂಡಿಯಲ್ಲಿ ಸ್ಟೌವು, ಅದರ ಮೇಲೆ ಸಾಂಬಾರಿನ ಡಬರಿ. ವ್ಯಾನು ಹೋದರೆ ಆಕೆಗೆ ಬೇರೆ ಬದುಕಿಲ್ಲ. ಸೋಮವಾರದ ತನಕ ನನಗೂ ನಿದ್ದೆ ಹತ್ತಲಿಲ್ಲ.

ಸೋಮವಾರ ಸಾಹೇಬರು ನಮ್ಮ ಜೀಪಿನಲ್ಲೇ ಬಂದರು. ಅದರಲ್ಲಿ ಅವರು ಕೂತಿದ್ದು ಅವತ್ತೇ ಮೊದಲು. ವ್ಯಾನಿನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತು, ಓಡಿಸಿ ನೋಡಣ ಅಂದರು. ಅಕ್ಕ ದೇವರಿಗೆ ಕೈಮುಗಿದು ಸ್ಟೇರಿಂಗ್ ಹಿಡಿದಳು. ವ್ಯಾನು ಸದ್ದೇ ಇಲ್ಲದೆ ಮುಂದಕ್ಕೆ ಹೊರಟಿತು. ಸಾಹೇಬರು ಬೆರಗಾಗಿ ಪಕ್ಕಕ್ಕೆ ಹಾರಿದರು. ವ್ಯಾನು ದಾಟಿದ ಮೇಲೆ ಕಂಡಿತು: ಹಿಂದುಗಡೆ ಮಾರ್ಕೆಟ್ಟಿನ ಅಷ್ಟೂ ರೀಲರುಗಳು, ಪಂಚೆ ಎತ್ತಿ ಕಟ್ಟಿ, ಉಸಿರು ಬಿಗಿಹಿಡಿದು ತಳ್ತಾ ಇದ್ದಾರೆ.

ಸಾಹೇಬರ ಮುಖ ಕೆಂಪಗಾಯ್ತು. "ತಳ್ಳಿದರೆ ಓಡೋದನ್ನೆಲ್ಲ ವಾಹನ ಅನ್ನಕ್ಕಾಗಲ್ಲಮ್ಮ. ನಾಳೆ ಎತ್ತಿಸ್ತೀನಿ," ಅಂತ ಹೇಳಿ ಜೀಪ್ ಹತ್ತಿದರು. ಅಕ್ಕ ಸೌಟು ಹಿಡಿದು ವ್ಯಾನಿಂದ ಇಳಿದಳು.

ಡ್ರೈವರು ಕೀ ತಿರುಗಿಸಿದ. ಮತ್ತೆ ತಿರುಗಿಸಿದ. ಅಭ್ಯಾಸಬಲದಿಂದ ಕಿಟಕಿಯಾಚೆ ತಲೆ ಹಾಕಿ, "ಒಂಚೂರು ತಳ್ರಪ್ಪ," ಅಂದ. ಒಬ್ಬನೂ ಅಲ್ಲಾಡಲಿಲ್ಲ. ರೀಲರುಗಳೆಲ್ಲ ಅಕ್ಕನ ಮುಖ ನೋಡಿದರು. ಅಕ್ಕ ಜೀಪಿನ ಹತ್ತಿರ ಬಂದಳು.

"ಸಾರ್, ಇದನ್ನೂ ನಾಳೆನೇ ಎತ್ತಿಸ್ತೀರಾ?"

ನನಗೆ ನಗು ತಡೆಯಕ್ಕಾಗದೆ ಕರ್ಚೀಫು ಬಾಯಿಗಿಟ್ಟುಕೊಂಡೆ. ಸಾಹೇಬರು ಹಿಂದೆ ತಿರುಗಿ, ಕೈಕಟ್ಟಿ ನಿಂತ ರೀಲರುಗಳನ್ನ ನೋಡಿದರು. ಕೊನೆಗೆ ಆಕೆಗೆ ಪರ್ಮಿಷನ್ ಮಾಡಿಕೊಡ್ರೀ ಅಂತ ನನಗೆ ಹೇಳಿದರು. ಜೀಪು ಆಮೇಲೇ ಹೊರಟಿದ್ದು.

ತಿಂಗಳಾದ ಮೇಲೆ, ಇನ್ನೊಂದು ಕಡೆ ಗಿರಾಕಿ ಜಾಸ್ತಿ, ವ್ಯಾನನ್ನ ಅಲ್ಲಿಗೆ ತಳ್ಳಿಸಿಕೊಳ್ಳಲಾ ಅಂತ ಅಕ್ಕನೇ ಕೇಳಿದಳು. ಸಂಚಾರಿ ಕ್ಯಾಂಟೀನು ಕೊನೆಗೂ ಸಂಚಾರ ಮಾಡತ್ತೆ ಅಂತ ಖುಷಿಯಾಗಿ ಹೋಗಿ ಸಾಹೇಬರಿಗೆ ಹೇಳಿದೆ. ಅವರು ಗಾಬರಿಯಿಂದ ಕುರ್ಚಿ ಬಿಟ್ಟು ಎದ್ದರು.

"ಆ ವ್ಯಾನು ಅಲ್ಲಿಂದ ಒಂದಿಂಚು ಅಲ್ಲಾಡಕೂಡದು ಕಣ್ರೀ. ಬೆಳಿಗ್ಗೆ ನಮ್ಮ ಜೀಪು ತಳ್ಳಕ್ಕೆ ಜನ ಸಿಗೋದು ಅಲ್ಲೊಂದೇ."